ಅರ್ಜಿ ಹಾಕಿದರೆ ಸಿಗದ ಪ್ರಶಸ್ತಿಗಳು: ಕಲಬುರಗಿಯ ಕಲಾವಿದೆಯರ ನಡುವಿನ ವರ್ಷಗಳು

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ ಅವರಿಗೆ 2019ರಲ್ಲಿ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು. ಮೊತ್ತ 50 ಸಾವಿರ ಯೂರೋ. ಅದರ ಜೊತೆಗೆ ಜರ್ಮನಿಯ ಮ್ಯೂನಿಕ್‌ನಲ್ಲಿರುವ ಲೆನ್‌ಬಾಕ್‌ಹೌಸ್ ಮ್ಯೂಸಿಯಂನಲ್ಲಿ ಏಕವ್ಯಕ್ತಿ ಪ್ರದರ್ಶನ. ಆಗ ಅವರಿಗೆ ಅರವತ್ತು ದಾಟಿತ್ತು. ಆದರೂ ಆ ಪ್ರಶಸ್ತಿ ಇರುವುದು ವೃತ್ತಿಯ ನಡುಘಟ್ಟದಲ್ಲಿರುವ ಕಲಾವಿದರಿಗೆ. ಅಂದರೆ ಬಹಳ ವರ್ಷ ಗಟ್ಟಿಯಾಗಿ ಕೆಲಸ ಮಾಡಿದ್ದರೂ ಸಿಗಬೇಕಾದಷ್ಟು ಗಮನ ಸಿಗದವರಿಗೆ. ಪ್ರಶಸ್ತಿಗೆ ಹೆಸರು ಕೊಟ್ಟ ಆಸ್ಟ್ರಿಯಾದ ಚಿತ್ರಕಲಾವಿದೆಗೂ ದೊಡ್ಡ ಮನ್ನಣೆ ಬಂದದ್ದು ಇಳಿವಯಸ್ಸಿನಲ್ಲೇ.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇಪ್ಪತ್ತು ವರ್ಷದಿಂದ ಚಿತ್ರ ಬರೆಯುತ್ತಿರುವ ಹೆಣ್ಣುಮಗಳೊಬ್ಬಳು ಈ ಸುದ್ದಿ ಓದಿದರೆ ಮೊದಲು ಕೇಳುವುದು ಒಂದೇ ಮಾತು: ಇದಕ್ಕೆ ಅರ್ಜಿ ಹಾಕೋದು ಹೇಗೆ? ಉತ್ತರ ನಿರಾಸೆಯದ್ದು. ಅರ್ಜಿ ಹಾಕುವಂತಿಲ್ಲ. ತೀರ್ಪುಗಾರರ ಸಮಿತಿಯೇ ಆರಿಸುತ್ತದೆ. ನಡುವಯಸ್ಸಿನ ಕಲಾವಿದೆಯರಿಗೆ ಅಂತ ಇರುವ ಒಳ್ಳೆಯ ಪ್ರಶಸ್ತಿ, ರೆಸಿಡೆನ್ಸಿಗಳಲ್ಲಿ ಹಲವು ಹೀಗೇ ಇವೆ. ಅವುಗಳ ಬಾಗಿಲು ತೆರೆಯಬೇಕಾದರೆ ಬೇರೆ ಯಾರೋ ನಿಮ್ಮ ಹೆಸರು ಹೇಳಬೇಕು. ಹಾಗೆ ಹೆಸರು ಹೇಳಬಲ್ಲವರು ಕಲಬುರಗಿಗೆ ಬರುವುದೇ ಅಪರೂಪ. ಇಲ್ಲಿನ ಕಲಾವಿದೆಯರ ತೊಂದರೆಯ ಬೇರು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಪ್ರತಿಭೆ, ಇಂಗ್ಲಿಷ್, ದುಡ್ಡು ಎಲ್ಲವೂ ಆಮೇಲಿನ ಮಾತು.

ರೆಸಿಡೆನ್ಸಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಸಂಸ್ಥೆ ಕಲಾವಿದರನ್ನು ಕರೆಸಿ, ಕೆಲವು ವಾರ ಅಥವಾ ತಿಂಗಳು ಇರಲು ಜಾಗ, ಕೆಲಸಕ್ಕೆ ಸ್ಟುಡಿಯೊ, ಕೈಖರ್ಚಿಗೆ ಒಂದಿಷ್ಟು ಹಣ ಕೊಡುತ್ತದೆ. ಅಲ್ಲಿ ಅಡುಗೆ, ಮನೆಗೆಲಸ, ಸ್ಕೂಲು, ನೆಂಟರಿಷ್ಟರು ಯಾವುದೂ ಇಲ್ಲ. ಬೆಳಗ್ಗೆ ಎದ್ದರೆ ಕೆಲಸ. ಗಂಡಸರಿಗೆ ಇದು ಒಂದು ಅನುಕೂಲ ಅಷ್ಟೇ. ಮದುವೆಯಾಗಿ ಮಕ್ಕಳಿರುವ ಎಷ್ಟೋ ಕಲಾವಿದೆಯರಿಗೆ ಕಾಲೇಜು ಬಿಟ್ಟ ಮೇಲೆ ಪೂರಾ ತಮ್ಮದೇ ಆದ ದಿನ ಅಂತ ಸಿಗುವುದು ಅಲ್ಲೇ ಮೊದಲು.

ಕಲಾಲೋಕದ ಬಹುಪಾಲು ಸಹಾಯ ಎರಡು ತುದಿಯಲ್ಲಿ ನಿಂತಿದೆ. ಶುರುವಿನಲ್ಲಿ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ, ಕೊನೆಯಲ್ಲಿ ಜೀವಮಾನದ ಸಾಧನೆಗೆ ಶಾಲು, ಹಾರ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವಯಸ್ಸಿನವರಿಗೆ. ಹೊರದೇಶಕ್ಕೆ ಕಳಿಸುವ ಹಲವು ಟ್ರಸ್ಟ್‌ಗಳೂ ಮೂವತ್ತು, ಮೂವತ್ತೈದರ ಆಸುಪಾಸಿನಲ್ಲೇ ಗೆರೆ ಎಳೆಯುತ್ತವೆ. ಬ್ರಿಟನ್ನಿನ ಟರ್ನರ್ ಪ್ರಶಸ್ತಿಯಂಥ ಹೆಸರುವಾಸಿ ಪ್ರಶಸ್ತಿಗೂ 1991ರಿಂದ ಐವತ್ತರೊಳಗೆ ಇರಬೇಕು ಅನ್ನುವ ನಿಯಮವಿತ್ತು. 2017ರಲ್ಲಿ ಅದನ್ನು ತೆಗೆದರು. ಅದೇ ವರ್ಷ 63ರ ಲುಬೈನಾ ಹಿಮಿದ್ ಗೆದ್ದರು. ನಿಯಮ ಎಷ್ಟು ಜನರನ್ನು ಹೊರಗೆ ನಿಲ್ಲಿಸಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ವಯಸ್ಸಿನ ಗೆರೆ ಗಂಡಸಿಗೂ ಹೆಂಗಸಿಗೂ ಒಂದೇ ಅಂತ ಹೇಳುವವರಿದ್ದಾರೆ. ಕಾಗದದ ಮೇಲೆ ಹೌದು. ಆದರೆ ಇಪ್ಪತ್ತೈದರಿಂದ ನಲವತ್ತರ ನಡುವೆ ನಮ್ಮ ಕಡೆಯ ಹೆಣ್ಣುಮಕ್ಕಳ ಬದುಕಿನಲ್ಲಿ ಏನೇನು ನಡೆಯುತ್ತದೆ ನೋಡಿ. ಮದುವೆ, ಊರು ಬದಲು, ಬಾಣಂತನ, ಮಕ್ಕಳ ಓದು, ಅತ್ತೆ ಮಾವನ ಆರೈಕೆ. ಗಂಡಸರಿಗೆ ಅವು ಹೆಸರು ಕಟ್ಟಿಕೊಳ್ಳುವ ವರ್ಷಗಳು. ಇವಳಿಗೆ ಬ್ರಷ್ ಕೈಬಿಡದೆ ಹಿಡಿದುಕೊಂಡರೇ ದೊಡ್ಡದು. ಮಕ್ಕಳು ಪಿಯುಸಿ ದಾಟಿ, ಮತ್ತೆ ಕ್ಯಾನ್ವಾಸ್ ಮುಂದೆ ಪೂರ್ತಿ ಮನಸ್ಸಿಟ್ಟು ನಿಲ್ಲುವ ಹೊತ್ತಿಗೆ ವಯಸ್ಸು ನಲವತ್ತೆರಡು, ನಲವತ್ತೈದು. ಅಷ್ಟರಲ್ಲಿ ಯುವಕಲಾವಿದರ ಸಾಲಿನಿಂದ ಹೆಸರು ಹೋಗಿರುತ್ತದೆ. ಹಿರಿಯರ ಸಾಲಿಗೆ ಇನ್ನೂ ಇಪ್ಪತ್ತು ವರ್ಷ ಇರುತ್ತದೆ.

ಕೆಲವರು ಆ ಇಪ್ಪತ್ತು ವರ್ಷವನ್ನೂ ದಾಟಿ ಬಂದಿದ್ದಾರೆ. ಕ್ಯೂಬಾ ಮೂಲದ ಕಾರ್ಮೆನ್ ಹೆರೆರಾ ಅವರ ಮೊದಲ ಚಿತ್ರ ಮಾರಾಟವಾದದ್ದು ಅವರ 89ನೇ ವಯಸ್ಸಿನಲ್ಲಿ. ನಮ್ಮ ದೇಶದ ಅರ್ಪಿತಾ ಸಿಂಗ್ ಅವರ ಏಕವ್ಯಕ್ತಿ ಪ್ರದರ್ಶನ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲಿ ನಡೆದದ್ದು 2025ರಲ್ಲಿ, ಎಂಬತ್ತೇಳರ ಹೊತ್ತಿಗೆ. ಇಂಥ ಕತೆಗಳನ್ನು ನಾವು ಸಂಭ್ರಮದಿಂದ ಹೇಳುತ್ತೇವೆ. ನನಗೆ ಇವನ್ನು ಕೇಳಿದಾಗ ಸಂಕಟವೇ ಜಾಸ್ತಿ. ಎಂಬತ್ತರವರೆಗೆ ಕಾಯಲು ಆರೋಗ್ಯ, ಮನೆಯವರ ಬೆಂಬಲ, ಛಲ ಎಲ್ಲ ಇರಬೇಕು. ಇಲ್ಲದವರು ನಡುವೆಯೇ ನಿಂತುಹೋದರು. ಅವರ ಹೆಸರೂ ನಮಗೆ ಗೊತ್ತಿಲ್ಲ.

ಕಲಬುರಗಿಗೆ ಕಲೆಯ ನೆಲೆ ಇಲ್ಲವೇ ಅಂದರೆ, ಖಂಡಿತ ಇದೆ. ಹೆಸರಾಂತ ಚಿತ್ರಕಲಾವಿದ ಎಸ್.ಎಂ. ಪಂಡಿತರ ಊರು ಇದು. ಅವರ ಹೆಸರಿನ ರಂಗಮಂದಿರ ಇಂದಿಗೂ ಊರಿನ ಸಾಂಸ್ಕೃತಿಕ ಕೇಂದ್ರ. ನಗರದಲ್ಲಿ ಚಿತ್ರಕಲಾ ಕಾಲೇಜುಗಳಿವೆ. ಅಲ್ಲಿ ದೃಶ್ಯಕಲೆಯ ಪದವಿಗಳಾದ ಬಿವಿಎ, ಎಂವಿಎ ಓದಿ ಹೊರಬಂದ ಹುಡುಗಿಯರು ಮೂರೂ ಜಿಲ್ಲೆಯಲ್ಲಿ ಇದ್ದಾರೆ. ಸನ್ನತಿ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳು, ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಶೈಲಿ, ಬೀದರಿನ ಬಿದ್ರಿ, ತಾಂಡಾಗಳ ಲಂಬಾಣಿ ಕಸೂತಿ. ಕಲಾವಿದೆಯ ಕಣ್ಣಿಗೆ ಇಷ್ಟು ಮೇವು ಸಿಗುವ ನೆಲ ಬೇರೆ ಎಲ್ಲಿದೆ?

ಓದಿ ಬಂದವರಲ್ಲಿ ಎಷ್ಟೋ ಮಂದಿ ಏನಾಗುತ್ತಾರೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಡ್ರಾಯಿಂಗ್ ಟೀಚರ್ ಆಗುತ್ತಾರೆ. ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ವಾರಪೂರ್ತಿ ಪಾಠ, ಜೊತೆಗೆ ಆಗಸ್ಟ್ ಹದಿನೈದಕ್ಕೆ, ವಾರ್ಷಿಕೋತ್ಸವಕ್ಕೆ ವೇದಿಕೆ ಅಲಂಕಾರ. ಸಂಜೆ ಮನೆಯಲ್ಲಿ ಟ್ಯೂಷನ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಪಕ್ಕದ ಜಾಗದಲ್ಲಿ ಸಣ್ಣ ಅಳತೆಯ ಕಾಗದದ ಮೇಲೆ ಸ್ವಂತ ಕೆಲಸ. ಕೆಲಸದ ಅಳತೆ ಸಣ್ಣದಾಗುವುದಕ್ಕೆ ಕಾರಣ ಕಲ್ಪನೆಯ ಕೊರತೆಯಲ್ಲ, ಜಾಗದ ಕೊರತೆ. ಇದನ್ನು ಬೆಂಗಳೂರಿನ ತೀರ್ಪುಗಾರರೂ ಅರ್ಥ ಮಾಡಿಕೊಳ್ಳುವುದು ಕಷ್ಟ.

ಈ ನಡುವಿನ ವರ್ಷಗಳಿಗೇ ಅಂತ ಯೋಚಿಸಿ ಕಟ್ಟಿದ ಸಹಾಯ ಜಗತ್ತಿನಲ್ಲಿ ಇದೆ. ಅಮೆರಿಕದಲ್ಲಿ ಸರ್ಕಾರಿ ಕಲಾನಿಧಿ ಕಲಾವಿದರಿಗೆ ವೈಯಕ್ತಿಕವಾಗಿ ಕೊಡುತ್ತಿದ್ದ ಅನುದಾನವನ್ನು ಬಹುಮಟ್ಟಿಗೆ ನಿಲ್ಲಿಸಿತು. ಆಗ 1996ರಲ್ಲಿ ಛಾಯಾಚಿತ್ರ ಕಲಾವಿದೆ ಸುಸಾನ್ ಅಂಟರ್‌ಬರ್ಗ್ ತಮ್ಮದೇ ಹಣದಿಂದ ಒಂದು ಅನುದಾನ ಶುರುಮಾಡಿದರು. ಅದರ ಹೆಸರು ‘ಅನಾನಿಮಸ್ ವಾಸ್ ಎ ವುಮನ್’, ಅಂದರೆ ಅನಾಮಿಕರಾಗಿ ಉಳಿದದ್ದು ಹೆಣ್ಣು ಅಂತ. ನಲವತ್ತು ದಾಟಿದ ಮಹಿಳಾ ಕಲಾವಿದರಿಗೆ ಮಾತ್ರ. ಮೊದಲಿಗೆ ಒಬ್ಬೊಬ್ಬರಿಗೆ 25 ಸಾವಿರ ಡಾಲರ್. ದುಡ್ಡು ಕೊಡುತ್ತಿರುವವರು ತಾವೇ ಅಂತ ಅವರು ಹೇಳಿಕೊಂಡದ್ದು 2018ರಲ್ಲಿ. ಆ ಹಣಕ್ಕೆ ಇಂಥದ್ದೇ ಮಾಡಿ ತೋರಿಸು ಅನ್ನುವ ಷರತ್ತು ಇರಲಿಲ್ಲ. ಬಾಡಿಗೆ ಕಟ್ಟಲಿ, ಮಗುವನ್ನು ನೋಡಿಕೊಳ್ಳುವವರಿಗೆ ಕೊಡಲಿ, ಬಣ್ಣ ತರಲಿ. ನನಗೆ ಈ ಅನುದಾನದಲ್ಲಿ ಬಹಳ ಇಷ್ಟವಾದದ್ದು ಇದು.

ಇನ್ನೊಂದು ಬ್ರಿಟನ್ ಮತ್ತು ಇಟಲಿಯದ್ದು. ಮ್ಯಾಕ್ಸ್ ಮಾರ ಬಟ್ಟೆ ಕಂಪನಿ ಮತ್ತು ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿ ಸೇರಿ 2005ರಲ್ಲಿ ಶುರುಮಾಡಿದ ಮಹಿಳಾ ಕಲಾ ಪ್ರಶಸ್ತಿ. ಗೆದ್ದವರಿಗೆ ಇಟಲಿಯಲ್ಲಿ ಆರು ತಿಂಗಳ ರೆಸಿಡೆನ್ಸಿ. ಅಲ್ಲಿ ಆದ ಕೆಲಸವನ್ನು ಮೊದಲು ಲಂಡನ್ನಿನಲ್ಲಿ, ಆಮೇಲೆ ಇಟಲಿಯ ರೆಜ್ಜೊ ಎಮಿಲಿಯ ಊರಿನ ಸಂಗ್ರಹಾಲಯದಲ್ಲಿ ಪ್ರದರ್ಶಿಸುತ್ತಿದ್ದರು. ಆ ಸಂಗ್ರಹಾಲಯ ಅದನ್ನು ಕೊಂಡುಕೊಳ್ಳುತ್ತದೆ. ಸಮಯ, ಪ್ರದರ್ಶನ, ಖರೀದಿ ಮೂರೂ ಒಟ್ಟಿಗೆ ಸಿಗುವುದು ಬಹಳ ದೊಡ್ಡ ವಿಷಯ. ನಮ್ಮಲ್ಲಿ ಪ್ರಶಸ್ತಿ ಅಂದರೆ ಫಲಕ, ಚೆಕ್, ಫೋಟೊ. ಮರುದಿನದಿಂದ ಮತ್ತೆ ಅದೇ ಟ್ಯೂಷನ್.

ಆ ಪ್ರಶಸ್ತಿಯನ್ನು 2018ರಲ್ಲಿ ಗೆದ್ದ ಹೆಲೆನ್ ಕ್ಯಾಮಕ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಜಸೇವಾ ಇಲಾಖೆಯ ಕೆಲಸದಲ್ಲಿದ್ದವರು. ಮೂವತ್ತು ದಾಟಿದ ಮೇಲೆ ಫೋಟೊಗ್ರಫಿ ಓದಿದರು. ಇಟಲಿಯ ಬೇರೆ ಬೇರೆ ಊರು ಸುತ್ತಿ, ಶೋಕಗೀತೆಗಳ ಜಾಡು ಹಿಡಿದು, ಹೆಂಗಸರ ಮಾತು ಕೇಳಿ ಕೆಲಸ ಮಾಡಿದರು. ಮರುವರ್ಷ ಟರ್ನರ್ ಪ್ರಶಸ್ತಿಯನ್ನು ಇತರ ಮೂವರ ಜೊತೆ ಹಂಚಿಕೊಂಡರು. ವಯಸ್ಸು ಐವತ್ತರ ಹತ್ತಿರ. ತಡವಾಗಿ ಶುರುಮಾಡಿದವಳಿಗೆ ಸರಿಯಾದ ಹೊತ್ತಲ್ಲಿ ಆರು ತಿಂಗಳು ಸಿಕ್ಕರೆ ಏನಾಗಬಹುದು ಅನ್ನುವುದಕ್ಕೆ ಇದೊಂದು ಉದಾಹರಣೆ. ಈಚೆಗೆ ಈ ಪ್ರಶಸ್ತಿ ಬ್ರಿಟನ್ ಬಿಟ್ಟು ದೇಶದಿಂದ ದೇಶಕ್ಕೆ ಹೋಗುವ ರೂಪ ಪಡೆದಿದೆ. ಮೊದಲು ಹೋದದ್ದು ಇಂಡೊನೇಷ್ಯಾಕ್ಕೆ, ಜಕಾರ್ತಾದ ಮಕಾನ್ ಮ್ಯೂಸಿಯಂ ಜೊತೆ.

ಈಗ ಮತ್ತೆ ಹೆಸರು ಹೇಳುವವರ ವಿಷಯಕ್ಕೆ ಬರೋಣ. ಅನಾನಿಮಸ್ ವಾಸ್ ಎ ವುಮನ್ ಬಹುಕಾಲ ನಡೆದದ್ದು ಹೀಗೇ. ಕ್ಯುರೇಟರ್‌ಗಳು (ಪ್ರದರ್ಶನಕ್ಕೆ ಕೃತಿಗಳನ್ನು ಆರಿಸಿ ಜೋಡಿಸುವವರು), ವಿಮರ್ಶಕರು, ಹಿಂದೆ ಗೆದ್ದವರು ಹೆಸರು ಸೂಚಿಸಬೇಕಿತ್ತು. ಇಟಲಿಯ ಚಿವಿಟೆಲ್ಲಾ ರಾನಿಯೆರಿ ಕೋಟೆಯಲ್ಲಿ ಸುಮಾರು ಆರು ವಾರದ ಒಳ್ಳೆಯ ರೆಸಿಡೆನ್ಸಿ ಇದೆ. ಅದಕ್ಕೂ ಬೇರೆಯವರೇ ಹೆಸರು ಸೂಚಿಸಬೇಕು. ಈ ಪದ್ಧತಿಗೆ ಕಾರಣವೂ ಇದೆ. ಸಾವಿರಾರು ಅರ್ಜಿ ಓದುವ ಖರ್ಚು ಉಳಿಯುತ್ತದೆ. ಅರ್ಜಿ ಬರೆಯುವುದರಲ್ಲಿ ಚುರುಕಾದವರೇ ಗೆಲ್ಲುವುದು ತಪ್ಪುತ್ತದೆ. ನಾಚಿಕೆಯ ಸ್ವಭಾವದವರಿಗೂ ಅವಕಾಶ ಸಿಗುತ್ತದೆ. ಆದರೆ ಸೂಚಿಸುವವರು ತಾವು ಕಂಡ ಕೆಲಸವನ್ನಷ್ಟೇ ಸೂಚಿಸಬಲ್ಲರು. ಅವರು ದೆಹಲಿ, ಮುಂಬೈ, ಬೆಂಗಳೂರು ನೋಡುತ್ತಾರೆ. ಎರಡು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಶುರುವಾಗುವ ಕಲಾಮೇಳ ಕೊಚ್ಚಿ ಬಿನಾಲೆಗೆ ಹೋಗುತ್ತಾರೆ. ಸೇಡಂನಲ್ಲಿ, ಹುಮನಾಬಾದಿನಲ್ಲಿ, ಶಹಾಪುರದಲ್ಲಿ ಮನೆಯ ಮಾಳಿಗೆ ಮೇಲೆ ಕೆಲಸ ಮಾಡುವವಳನ್ನು ಯಾರು ನೋಡಬೇಕು?

ಆದ್ದರಿಂದ ನಮ್ಮ ಭಾಗದಲ್ಲಿ ಮೊದಲು ಆಗಬೇಕಾದದ್ದು ನೋಡುವವರನ್ನು ಇಲ್ಲಿಗೆ ಕರೆಸುವ ಕೆಲಸ. ವರ್ಷಕ್ಕೆ ಐದಾರು ಕ್ಯುರೇಟರ್‌ಗಳು, ಬರಹಗಾರರು ಬಂದು, ಒಂದು ವಾರ ಮೂರು ಜಿಲ್ಲೆ ಸುತ್ತಿ, ಕಲಾವಿದೆಯರ ಮನೆಗೇ ಹೋಗಿ ಕೆಲಸ ನೋಡಲಿ. ಅವರ ರೈಲು, ವಸತಿ, ಗೌರವಧನಕ್ಕೆ ಆಗುವುದು ಒಂದು ಸಾಂಸ್ಕೃತಿಕ ಉತ್ಸವದ ಶಾಮಿಯಾನ, ಧ್ವನಿವರ್ಧಕದ ಖರ್ಚಿಗಿಂತ ಜಾಸ್ತಿ ಅಲ್ಲ. 2024ರಿಂದ ಕಲಬುರಗಿ ಮತ್ತು ಬೆಂಗಳೂರಿನ ನಡುವೆ ವಂದೇ ಭಾರತ್ ಓಡುತ್ತಿದೆ. ದೂರ ಅನ್ನುವ ನೆಪ ಈಗ ಅಷ್ಟು ಗಟ್ಟಿಯಲ್ಲ.

ಹಣ ಎಲ್ಲಿಂದ? ಸಂವಿಧಾನದ 371ಜೆ ಕಲಮು ಬಂದ ಮೇಲೆ ಈ ಭಾಗದ ಅಭಿವೃದ್ಧಿಗೇ ಪ್ರತ್ಯೇಕ ಮಂಡಳಿ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾದ ವರ್ಷಗಳಿವೆ. ರಸ್ತೆ, ಶಾಲೆ, ಆಸ್ಪತ್ರೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ದೊಡ್ಡ ಮೊತ್ತದಲ್ಲಿ ವರ್ಷಕ್ಕೆ ಒಂದು ಕೋಟಿಯನ್ನು ನಲವತ್ತು ದಾಟಿದ ಕಲಾವಿದೆಯರಿಗೆ ಇಡಿ ಅಂದರೆ ಅದು ದುಬಾರಿ ಬೇಡಿಕೆ ಅಲ್ಲ, ಅಲ್ವಾ? ಹಿಂದುಳಿದಿರುವಿಕೆಯನ್ನು ತಲಾ ಆದಾಯ, ಸಾಕ್ಷರತೆಗಳಲ್ಲಿ ಅಳೆಯುತ್ತೇವೆ. ಒಂದು ಪ್ರದೇಶದ ಹೆಂಗಸರು ತಮ್ಮ ಕಣ್ಣಿಂದ ಕಂಡದ್ದನ್ನು ಜಗತ್ತಿಗೆ ತೋರಿಸಲು ಆಗದಿರುವುದೂ ಹಿಂದುಳಿದಿರುವಿಕೆಯೇ.

ಆ ಹಣದಲ್ಲಿ ಮೊದಲ ಪಾಲು ಫೋಟೊಗಳಿಗೆ ಹೋಗಬೇಕು ಅಂದರೆ ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ನಮ್ಮ ಕಲಾವಿದೆಯರ ಎಷ್ಟೋ ಕೆಲಸ ಮೊಬೈಲಿನಲ್ಲಿ, ಟ್ಯೂಬ್‌ಲೈಟ್ ಕೆಳಗೆ, ವಾರೆಯಾಗಿ ತೆಗೆದ ಚಿತ್ರವಾಗಿ ಉಳಿದಿದೆ. ಮೂಲ ಕೃತಿ ಯಾರಿಗೋ ಉಡುಗೊರೆಯಾಗಿ ಹೋಗಿದೆ, ಇಲ್ಲವೇ ಮಳೆಗಾಲದಲ್ಲಿ ಹಾಳಾಗಿದೆ. ತೀರ್ಪುಗಾರರು ನೋಡುವುದು ಹತ್ತರಿಂದ ಇಪ್ಪತ್ತು ಚಿತ್ರಗಳನ್ನು, ಒಂದೊಂದಕ್ಕೂ ಕೆಲವೇ ಕ್ಷಣ. ಬಣ್ಣ ಸರಿಯಾಗಿ ಕಾಣುವ, ಅಳತೆ, ಮಾಧ್ಯಮ, ವರ್ಷ ಬರೆದಿಟ್ಟ ಒಂದು ಕಡತ ಇದ್ದರೆ ಅವಳು ಅರ್ಧ ದಾರಿ ಬಂದಂತೆ. ಕಾಲೇಜುಗಳಲ್ಲಿ ಕ್ಯಾಮೆರಾ ಇದೆ, ಫೋಟೊಗ್ರಫಿ ಕಲಿಯುವ ಮಕ್ಕಳಿದ್ದಾರೆ. ಹಳೆಯ ವಿದ್ಯಾರ್ಥಿನಿಯರ ಕೆಲಸವನ್ನು ದಾಖಲಿಸುವುದನ್ನೇ ಅವರಿಗೆ ಪ್ರಾಜೆಕ್ಟ್ ಆಗಿ ಕೊಟ್ಟರೆ ಇಬ್ಬರಿಗೂ ಲಾಭ. ತಮ್ಮ ಕೆಲಸದ ಬಗ್ಗೆ ಬರೆಯುವ ಟಿಪ್ಪಣಿಯನ್ನು ಅವರು ಕನ್ನಡದಲ್ಲೇ ಬರೆಯಲಿ. ಇಂಗ್ಲಿಷಿಗೆ ಮಾಡಿಕೊಡುವವರನ್ನು ಹುಡುಕುವುದು ಸಂಸ್ಥೆಗಳ ಕೆಲಸ. ಕಲಾವಿದೆಯ ಮೇಲೆ ಅದನ್ನೂ ಹೊರಿಸುವುದು ಅನ್ಯಾಯ.

ಇನ್ನು ಸಮಯದ ಲೆಕ್ಕ. ಆರು ತಿಂಗಳು ಇಟಲಿ ಅಂದರೆ ಕೇಳಲು ಚೆಂದ. ಸರ್ಕಾರಿ ಶಾಲೆಯ ಟೀಚರ್‌ಗೆ ಹೊರದೇಶಕ್ಕೆ ಹೋಗಲು ಇಲಾಖೆಯ ಮುಂಚಿನ ಅನುಮತಿ ಬೇಕು. ಅಷ್ಟು ಉದ್ದದ ರಜೆ ಸಿಕ್ಕರೂ ಸಂಬಳ ಸಿಗುವುದು ಕಷ್ಟ. ಖಾಸಗಿ ಶಾಲೆಯಾದರೆ ವಾಪಸ್ ಬರುವಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ. ಮಕ್ಕಳ ಆರೈಕೆಗೆ ರಾಜ್ಯದ ಮಹಿಳಾ ನೌಕರರಿಗೆ ಆರು ತಿಂಗಳ ರಜೆಯನ್ನು 2021ರ ಬಜೆಟ್ಟಿನಲ್ಲಿ ಘೋಷಿಸಿದರು. ಒಳ್ಳೆಯ ಹೆಜ್ಜೆ. ಅದೇ ರೀತಿ, ಆಯ್ಕೆಯಾದ ಕಲಾ ಶಿಕ್ಷಕಿಗೆ ಸಂಬಳ ಸಹಿತ ಕಲಾ ರಜೆ ಕೊಡುವ ಒಂದು ಆದೇಶ ಬಂದರೆ ಶಿಕ್ಷಣ ಇಲಾಖೆಗೆ ನಷ್ಟವಿಲ್ಲ. ಇಂಥ ರಜೆ ಬೇಕಾಗುವವರು ವರ್ಷಕ್ಕೆ ಬೆರಳೆಣಿಕೆಯಷ್ಟು ಜನ.

ಅಲ್ಲಿಯವರೆಗೆ ನಮ್ಮ ಕಡೆಯವರಿಗೆ ಹೊಂದುವುದು ಆರರಿಂದ ಎಂಟು ವಾರದ ರೆಸಿಡೆನ್ಸಿ. ನಮ್ಮ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಕಲಬುರಗಿಯಲ್ಲಿ ಆಗ ಬಿಸಿಲು ನಲವತ್ತೆರಡು ಡಿಗ್ರಿ ದಾಟುತ್ತದೆ. ಮಧ್ಯಾಹ್ನ ತಗಡಿನ ಮಾಳಿಗೆಯ ಕೆಳಗೆ ಕೂತು ಕೆಲಸ ಮಾಡಲು ಆಗುವುದಿಲ್ಲ. ಯುರೋಪಿನಲ್ಲಿ ಅದೇ ಹೊತ್ತಿಗೆ ವಸಂತ. ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತಾರೆ. ತೊಂಬತ್ತು ದಿನದೊಳಗಿನ ವಾಸಕ್ಕೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಸಾಕು. ಆರು ತಿಂಗಳಾದರೆ ಆಯಾ ದೇಶದ ದೀರ್ಘಾವಧಿ ವೀಸಾ ಬೇಕು, ಅದರ ಕಾಗದಪತ್ರ ಇನ್ನೂ ಜಾಸ್ತಿ. ಹೊರದೇಶದ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳುವ ಅಕಾಡೆಮಿಗಳು ಈ ಒಂದು ಕ್ಯಾಲೆಂಡರನ್ನು ಮುಂದಿಟ್ಟರೆ ಎಷ್ಟೋ ಟೀಚರ್‌ಗಳಿಗೆ ಬಾಗಿಲು ತೆರೆಯುತ್ತದೆ.

‘ಹೋಗ್ರಿ ಅಕ್ಕೋರೆ, ಆದ್ರ ಮನಿ ಯಾರ್ ನೋಡ್ಕೋಬೇಕು?’ ಇದು ಇಲ್ಲಿ ಎಲ್ಲ ಕಡೆ ಬರುವ ಮಾತು. ಕೇಳುವವರ ಮೇಲೆ ಸಿಟ್ಟಾಗುವ ಬದಲು ಆ ಪ್ರಶ್ನೆಗೆ ಹಣದ ಉತ್ತರ ಕೊಡಬೇಕು. ಅತ್ತೆಯನ್ನು ನೋಡಿಕೊಳ್ಳಲು ಆಯಾ, ಅಡುಗೆಯವರು, ಮಗಳ ಟ್ಯೂಷನ್. ರೆಸಿಡೆನ್ಸಿಯ ಬಜೆಟ್ಟಿನಲ್ಲಿ ವಿಮಾನದ ಟಿಕೆಟ್ ಪಕ್ಕದಲ್ಲೇ ಇದಕ್ಕೂ ಒಂದು ಸಾಲು ಇರಬೇಕು. ಅಮೆರಿಕದಲ್ಲಿ ನೆಲೆಸಿರುವ ಕಲಾವಿದೆ ಲೆಂಕಾ ಕ್ಲೇಟನ್ 2012ರಲ್ಲಿ ತಮ್ಮ ಮನೆಯನ್ನೇ ರೆಸಿಡೆನ್ಸಿ ಅಂತ ಘೋಷಿಸಿ, ಮಗುವಿನ ಜೊತೆ ಇದ್ದುಕೊಂಡೇ ಕೆಲಸ ಮಾಡಿದರು. ಆಮೇಲೆ ಬೇರೆ ದೇಶಗಳ ತಾಯಂದಿರೂ ಆ ಮಾದರಿಯನ್ನು ಹಿಡಿದರು. ಹೊರದೇಶಕ್ಕೆ ಹೋಗಲು ಆಗದವರಿಗೂ ಇಂಥ ಒಂದು ದಾರಿ ಇರಬೇಕು. ತಿಂಗಳ ಖರ್ಚು ಕೊಟ್ಟು, ದಿನಕ್ಕೆ ನಾಲ್ಕು ಗಂಟೆ ಮನೆಕೆಲಸದಿಂದ ಬಿಡಿಸಿದರೂ ಸಾಕು.

ಕಳಿಸುವುದರಿಂದ ಊರಿಗೇನು ಬಂತು ಅಂತ ಕೇಳುವವರಿಗೆ ಕಲಾವಿದೆ ನಳಿನಿ ಮಲಾನಿಯವರ ಉದಾಹರಣೆ ಕೊಡಬಹುದು. 1970ರ ದಶಕದ ಕೊನೆಗೆ ಅವರು ನ್ಯೂಯಾರ್ಕಿನಲ್ಲಿ ಹೆಂಗಸರೇ ಕಟ್ಟಿ ನಡೆಸುತ್ತಿದ್ದ ಎ.ಐ.ಆರ್. ಗ್ಯಾಲರಿ ನೋಡಿ ಬಂದರು. ನಮ್ಮಲ್ಲೂ ಕಲಾವಿದೆಯರು ಒಟ್ಟಿಗೆ ಪ್ರದರ್ಶನ ಮಾಡಬೇಕು ಅಂತ ಪಟ್ಟು ಹಿಡಿದರು. ಅರ್ಪಿತಾ ಸಿಂಗ್, ನೀಲಿಮಾ ಶೇಖ್, ಮಾಧವಿ ಪಾರೇಖ್ ಮತ್ತು ಅವರು ಸೇರಿ ಮಾಡಿದ ಜಲವರ್ಣ ಪ್ರದರ್ಶನ 1987ರಿಂದ 1989ರವರೆಗೆ ದೇಶದ ಬೇರೆ ಬೇರೆ ಊರು ಸುತ್ತಿತು. ಹಾಗೆ ಒಟ್ಟಿಗೆ ನಿಂತ ಆ ನಾಲ್ವರೂ ಇಂದು ಭಾರತೀಯ ಕಲೆಯ ದೊಡ್ಡ ಹೆಸರುಗಳು. ಮಲಾನಿಯವರಿಗೆ 2019ರಲ್ಲಿ ಸ್ಪೇನಿನ ಜುವಾನ್ ಮಿರೋ ಪ್ರಶಸ್ತಿಯೂ ಬಂತು. ಒಬ್ಬರು ನೋಡಿ ಬಂದದ್ದು ನಾಲ್ವರಿಗೆ ದಾರಿಯಾಯಿತು.

ಕೊಡುವುದು ಒಂದೇ ಕಡೆಯಿಂದ ಆಗಬೇಕಿಲ್ಲ. ಇಟಲಿಯ ಫಯೆಂಜಾ ಊರು ಬಣ್ಣದ ಪಿಂಗಾಣಿಗೆ ಹೆಸರುವಾಸಿ. ಮ್ಯಾಕ್ಸ್ ಮಾರ ಪ್ರಶಸ್ತಿ ಗೆದ್ದ ಎಮ್ಮಾ ಹಾರ್ಟ್ ಅಲ್ಲಿಗೆ ಹೋಗಿ ಪಿಂಗಾಣಿ ಕೆಲಸ ಕಲಿತರು. ಬೀದರ್‌ಗೆ ಅಂಥ ಊರಾಗುವ ಎಲ್ಲ ಅರ್ಹತೆ ಇದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ತರುವ ಕೆಲಸ ಬೇರೆ ಎಲ್ಲಿ ಹೀಗೆ ನಡೆಯುತ್ತದೆ? ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೊರದೇಶದ ಕಲಾವಿದೆಯನ್ನು ಆರು ವಾರ ಬೀದರಿನಲ್ಲಿ ಇರಿಸಿಕೊಂಡು, ಬದಲಿಗೆ ನಮ್ಮವಳನ್ನು ಅವರ ಊರಿಗೆ ಕಳಿಸುವ ವಿನಿಮಯ ಮಾಡಿದರೆ ಹೆಸರು ಸೂಚಿಸುವವರ ಹಂಗೇ ಬೇಡ. ಬಂದವಳೇ ನಾಳೆ ನಮ್ಮವರ ಹೆಸರು ಹೇಳುತ್ತಾಳೆ. ಈ ಪಟ್ಟಿಯಲ್ಲಿ ಬಿದ್ರಿ ಕಲಿತ ಹೆಣ್ಣುಮಕ್ಕಳು, ತಾಂಡಾದ ಕಸೂತಿಯವರು ಕೂಡ ಇರಬೇಕು. ಡಿಗ್ರಿ ಇದ್ದವಳು ಕಲಾವಿದೆ, ಇಲ್ಲದವಳು ಕುಶಲಕರ್ಮಿ ಅನ್ನುವ ಭೇದವನ್ನು ಹೊರಗಿನ ಜಗತ್ತು ನಿಧಾನವಾಗಿ ಬಿಡುತ್ತಿದೆ. ನಾವೂ ಬಿಡಬೇಕು.

ಇದೆಲ್ಲ ಆಗುವವರೆಗೆ ಕಲಾವಿದೆಯರು ಸುಮ್ನೆ ಕೂರಬೇಕಿಲ್ಲ. ನೇರ ಅರ್ಜಿ ಹಾಕಬಹುದಾದದ್ದೂ ಇದೆ. ಸಂಸ್ಕೃತಿ ಸಚಿವಾಲಯದ ಸೀನಿಯರ್ ಫೆಲೋಶಿಪ್ ನಲವತ್ತು ದಾಟಿದವರಿಗೇ ಇರುವಂಥದ್ದು. ತಿಂಗಳಿಗೆ 20 ಸಾವಿರ ರೂಪಾಯಿಯಂತೆ ಎರಡು ವರ್ಷ. ದೃಶ್ಯಕಲೆಯೂ ಅದರಲ್ಲಿ ಬರುತ್ತದೆ. ಇದು ಊರು ಬಿಡದೆ ಕೆಲಸ ಮಾಡಲು ಸಿಗುವ ಹಣ. ಅದರಿಂದ ಆಗುವ ಕೆಲಸವೇ ಮುಂದಿನ ರೆಸಿಡೆನ್ಸಿಗೆ ತೋರಿಸುವ ಪೋರ್ಟ್‌ಫೋಲಿಯೊ, ಅಂದರೆ ಕೆಲಸಗಳ ಕಡತ. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಕೂಡ ಕಲಾವಿದರಿಗೆ ಅನುದಾನ ಕೊಡುತ್ತದೆ.

ಜೊತೆಗೆ ಒಂದು ಎಚ್ಚರಿಕೆ. ಇನ್‌ಸ್ಟಾಗ್ರಾಮ್‌ನಲ್ಲಿ ಚಿತ್ರ ಹಾಕಿದ ಮೇಲೆ ‘ನೀವು ಆಯ್ಕೆಯಾಗಿದ್ದೀರಿ’ ಅಂತ ಸಂದೇಶ ಬರುತ್ತದೆ. ಯುರೋಪಿನಲ್ಲಿ ಪ್ರದರ್ಶನ, ಪ್ರಮಾಣಪತ್ರ, ಪ್ರಶಸ್ತಿ. ಕೆಳಗೆ ಓದಿದರೆ ಭಾಗವಹಿಸುವ ಶುಲ್ಕ ಲಕ್ಷಗಳಲ್ಲಿ. ಇದು ಗೌರವ ಅಲ್ಲ, ವ್ಯಾಪಾರ. ಒಳ್ಳೆಯ ರೆಸಿಡೆನ್ಸಿಗಳಲ್ಲೂ ಸಣ್ಣ ಅರ್ಜಿ ಶುಲ್ಕ ಇರಬಹುದು. ಕೆಲವು ಸಂಸ್ಥೆಗಳು ಜಾಗ ಕೊಟ್ಟು ಪ್ರಯಾಣದ ಖರ್ಚನ್ನು ನಮಗೇ ಬಿಡುತ್ತವೆ. ಪ್ರಯಾಣ, ವಸತಿ, ಊಟ, ಸಾಮಗ್ರಿ ಇವುಗಳಲ್ಲಿ ಯಾವುದನ್ನು ಯಾರು ಕೊಡುತ್ತಾರೆ ಅಂತ ಬರಹದಲ್ಲಿ ಕೇಳಿ. ಹಿಂದೆ ಹೋಗಿಬಂದ ಇಬ್ಬರು ಹೆಣ್ಣುಮಕ್ಕಳನ್ನು ಹುಡುಕಿ ಮಾತಾಡಿ. ಚಿನ್ನ ಅಡವಿಟ್ಟು ಹೋಗುವ ರೆಸಿಡೆನ್ಸಿ ಯಾವುದೂ ಬೇಡ.

ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಮಾಡಿಸಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಮದುವೆಯ ನಂತರ ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇರುವುದು ಮಾಮೂಲು. ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು. ಆಯ್ಕೆಯ ಪತ್ರ ಬಂದ ಮೇಲೆ ಅಷ್ಟು ಸಮಯ ಇರುವುದಿಲ್ಲ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಅದಕ್ಕೆ ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಬ್ಯಾಂಕ್ ಖಾತೆಯ ವಿವರವೂ ಬೇಕು, ಆದ್ದರಿಂದ ನಿಮ್ಮ ಹೆಸರಿನಲ್ಲೇ ಒಂದು ಖಾತೆ ಇರಲಿ, ಟ್ಯೂಷನ್ ದುಡ್ಡು ಅದರಲ್ಲೇ ಬೀಳಲಿ. ಬೆರಳಚ್ಚು ಕೊಡಲು ಬೆಂಗಳೂರಿಗಿಂತ ಹೈದರಾಬಾದ್ ನಮಗೆ ಬಹಳ ಹತ್ತಿರ. ಹಲವು ದೇಶಗಳ ವೀಸಾ ಅರ್ಜಿ ಕೇಂದ್ರಗಳು ಅಲ್ಲೂ ಇವೆ.